ನರದ ಮೇಲಿನ ಸುತ್ತು ಬಿಚ್ಚಿದಾಗ

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ನಮ್ಮ ಚಿಕ್ಕಪ್ಪನಿಗೆ ನಾಲ್ಕು ದಿನ ಭೇದಿಯಾಗಿ ವಾಸಿಯಾಯಿತು. ಹತ್ತು ದಿನ ಕಳೆದ ಮೇಲೆ ಪಾದ ಜುಮುಜುಮು ಎನ್ನತೊಡಗಿತು. ಮರುದಿನ ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೇ ದಿನ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆ, ಎತ್ತಲು ಕೈಯೇ ಬರಲಿಲ್ಲ. ಲಕ್ವಾ ಎಂದು ಮನೆಯವರು ಹೆದರಿದರು. ಆದರೆ ಲಕ್ವಾ ಸಾಮಾನ್ಯವಾಗಿ ಒಂದು ಮಗ್ಗುಲನ್ನು ಹಿಡಿಯುತ್ತದೆ. ಇದು ಎರಡೂ ಕಾಲಿನಿಂದ ಮೇಲಕ್ಕೆ ಏರುತ್ತಿತ್ತು. ಡಾಕ್ಟರು ಮಂಡಿಗೆ ಸುತ್ತಿಗೆ ತಟ್ಟಿದರೂ ಕಾಲು ಚಿಮ್ಮಲಿಲ್ಲ. ಗಿಲನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂದರು. 1916ರಲ್ಲಿ ಫ್ರಾನ್ಸಿನ ವೈದ್ಯರು ಇಬ್ಬರು ಸೈನಿಕರಲ್ಲಿ ಗುರುತಿಸಿ ಬರೆದ ಕಾಯಿಲೆ ಇದು.

ಕೈಕಾಲಿನ ನರದ ಎಳೆಗೆ ಶ್ವಾನ್ ಕೋಶಗಳು ತಮ್ಮದೇ ಪೊರೆಯನ್ನು, ರಾಟೆಗೆ ನೂಲು ಸುತ್ತಿದಂತೆ, ಸುತ್ತಿನ ಮೇಲೆ ಸುತ್ತು ಹಾಕಿರುತ್ತವೆ. ಕೊಬ್ಬು ತುಂಬಿದ ಈ ಹೊದಿಕೆಯೇ ಮಯಲಿನ್. ಒಂದೊಂದು ಹೊದಿಕೆ ಸುಮಾರು 1 ಮಿಲಿಮೀಟರ್ ಉದ್ದ, ಆಮೇಲೆ ಕೂದಲೆಳೆಗಿಂತ ಕಿರಿದಾದ ಬರಿ ಜಾಗ. ಸಂದೇಶ ಆ ಬರಿ ಜಾಗದಿಂದ ಮುಂದಿನದಕ್ಕೆ ಹಾರುತ್ತಾ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಹೊದಿಕೆ ಹರಿದರೆ ನಿಧಾನವಾಗುತ್ತದೆ, ಇಲ್ಲವೇ ಅಲ್ಲೇ ನಿಂತುಬಿಡುತ್ತದೆ.

ಹರಿಯುವವರು ಯಾರು? ನಮ್ಮದೇ ರೋಗನಿರೋಧಕ ಕೋಶಗಳು. ಭೇದಿಯಂಥ ಸೋಂಕಿನ ವಿರುದ್ಧ ಎದ್ದ ಪಡೆ ಗುರಿ ತಪ್ಪಿ ನರದ ಮೇಲೆ ಬೀಳುತ್ತದೆ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ನರದೊಳಗೆ ನುಗ್ಗುತ್ತವೆ, ರೋಗಾಣುವಿಗೆ ಅಂಟಿಕೊಳ್ಳಬೇಕಾದ ಪ್ರತಿಕಾಯಗಳೂ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳೂ ಹೊದಿಕೆಯನ್ನು ಕೆಡಿಸುತ್ತವೆ. ಕೊನೆಗೆ ಮ್ಯಾಕ್ರೋಫೇಜ್‌ಗಳು, ಅಂದರೆ ಸಿಕ್ಕಿದ್ದನ್ನು ನುಂಗುವ ರಕ್ಷಣಾ ಕೋಶಗಳು, ಬರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಬೇಕು: ಸುತ್ತು ಸುತ್ತಿನ ನಡುವೆ ಬೆರಳು ತೂರಿಸಿ, ಪದರ ಬಿಡಿಸಿ, ನುಂಗುತ್ತವೆ. ನೂಲು ಬಿಚ್ಚಾಣಿಕೆಯನ್ನು ಕಂಡು ಬೆಳೆದ ನನಗೆ ಆ ಚಿತ್ರ ನೋಡಿ ಮೈ ಜುಮ್ಮೆಂದಿತು.

ಆದರೂ ಮ್ಯಾಕ್ರೋಫೇಜನ್ನು ಬರೀ ಖಳ ಎನ್ನಲು ನನಗೆ ಮನಸ್ಸಿಲ್ಲ. ಹರಿದ ಮಯಲಿನ್ ಚೂರುಗಳನ್ನು ಗುಡಿಸುವುದೂ ಅದೇ. ಆ ಕಸ ತೆರವಾಗದೆ ಹೊಸ ಸುತ್ತು ಕೂರುವುದಿಲ್ಲ. ಒಳಗಿನ ಎಳೆ ಉಳಿದಿದ್ದರೆ ಶ್ವಾನ್ ಕೋಶಗಳು ಮತ್ತೆ ಹುಟ್ಟಿ ಸುತ್ತುತ್ತವೆ. ಮಿದುಳು, ಬೆನ್ನುಹುರಿಯ ಮಯಲಿನ್ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಈ ರಿಪೇರಿ ಅಷ್ಟು ಚೆನ್ನಾಗಿ ಆಗುವುದಿಲ್ಲ.

ಜಿಬಿಎಸ್‌ನಲ್ಲಿ ಉಸಿರಾಟದ ಸ್ನಾಯುಗಳೂ ಸೋಲಬಹುದು, ನಾಲ್ಕರಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಅದಕ್ಕೇ ಮೊದಲ ಎರಡು ವಾರದೊಳಗೆ ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಡ್ರಿಪ್ ಅಥವಾ ಪ್ಲಾಸ್ಮಾ (ರಕ್ತದ ದ್ರವ ಭಾಗ) ಬದಲಾವಣೆ ಸಿಗುವುದು ಮುಖ್ಯ. ಚಿಕ್ಕಪ್ಪನಿಗೆ ಐದು ದಿನ ಡ್ರಿಪ್ ಹಾಕಿದರು. ಎದ್ದು ನಡೆಯಲು ಐದು ತಿಂಗಳು ಬೇಕಾಯಿತು. ಹೊಸ ಸುತ್ತು ಹಳೆಯದಕ್ಕಿಂತ ತೆಳು. ಈಗ ಚಂದ್ರಿಕೆ ಎತ್ತುತ್ತಾರೆ, ಸಂಜೆಯಾದರೆ ಮಾತ್ರ ಪಾದ ಇನ್ನೂ ಜುಮುಜುಮು ಎನ್ನುತ್ತದೆಯಂತೆ.