8 ಯೂರೋದ್ದೋ, 14 ಯೂರೋದ್ದೋ? ಬೋಜೊಲೆ ಕೊಳ್ಳುವವರ ಮೊದಲ ಗೊಂದಲ

ಓದುಗರ ಪ್ರಶ್ನೆ: ಕೆಲಸದ ಮೇಲೆ ಫ್ರಾನ್ಸಿನ ಲಿಯೋಂಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಮೇಜಿನ ಮೇಲೆ ಬೋಜೊಲೆ ವೈನ್ ಇರುತ್ತದೆ, ನನಗೂ ಹಿಡಿಸಿತು. ಆದರೆ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. 5 ಯೂರೋಕ್ಕೂ ಬೋಜೊಲೆ, 25 ಯೂರೋಕ್ಕೂ ಬೋಜೊಲೆ. ವೈನ್ ಬಗ್ಗೆ ಏನೂ ಗೊತ್ತಿಲ್ಲದ ನಾನು, ಜೇಬಿಗೆ ಭಾರವಾಗದ ಹಾಗೆ, ಯಾವುದನ್ನು ಎತ್ತಿಕೊಳ್ಳಲಿ?

ಉತ್ತರ: ಬೋಜೊಲೆ ಎಂದು ದೊಡ್ಡದಾಗಿ ಬರೆದಿರದ ಬೋಜೊಲೆಯನ್ನು ಎತ್ತಿಕೊಳ್ಳಿ.

ತಮಾಷೆ ಮಾಡುತ್ತಿಲ್ಲ. ಬೋಜೊಲೆ ಎನ್ನುವುದು ಒಂದು ಸೀಮೆಯ ಹೆಸರು. ಆ ಸೀಮೆಯ ಒಳ್ಳೆಯ ವೈನ್‌ಗಳು ತಮ್ಮ ತಮ್ಮ ಊರಿನ ಹೆಸರು ಹೊತ್ತು ಬರುತ್ತವೆ. ಲೇಬಲ್ ಮೇಲೆ ಜುಲಿಯೆನಾ ಎಂದೋ ಶೆನಾ ಎಂದೋ ಇರುತ್ತದೆ. ಬೋಜೊಲೆ ಎಂಬ ಮಾತು ಹುಡುಕಿದರೆ ಯಾವುದೋ ಮೂಲೆಯಲ್ಲಿ ಸಿಕ್ಕೀತು, ಸಿಗದೆಯೂ ಇದ್ದೀತು. ಹೊಸಬರು ಎಡವುವುದು ಇಲ್ಲೇ. ಗೊತ್ತಿರುವ ಹೆಸರನ್ನು ಹುಡುಕುತ್ತಾರೆ, ಅದು ದೊಡ್ಡದಾಗಿ ಕಾಣುವುದು ಅಗ್ಗದ ಬಾಟಲಿಯ ಮೇಲೆ.

ನೀವಿರುವ ಲಿಯೋಂನಿಂದ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಬೋಜೊಲೆಯ ಗುಡ್ಡಗಳು ಶುರುವಾಗುತ್ತವೆ. ಲಿಯೋಂನಲ್ಲಿ ಮೂರು ನದಿ ಹರಿಯುತ್ತವೆ, ರೋನ್, ಸೋನ್ ಮತ್ತು ಬೋಜೊಲೆ ಎಂದು ಅಲ್ಲಿನವರು ನಗೆಯಾಡುವುದನ್ನು ನೀವು ಈಗಾಗಲೇ ಕೇಳಿರಬಹುದು. ದಕ್ಷಿಣದ ಕಡೆ ಜೇಡಿ ಮತ್ತು ಸುಣ್ಣಕಲ್ಲಿನ ನೆಲ, ಹೊನ್ನಿನ ಬಣ್ಣದ ಕಲ್ಲಿನ ಮನೆಗಳು. ಬರೀ ‘ಬೋಜೊಲೆ’ ಎಂಬ ಹೆಸರಿನ ವೈನ್ ಹೆಚ್ಚಾಗಿ ಬರುವುದು ಅಲ್ಲಿಂದ. ಉತ್ತರಕ್ಕೆ ಹೋದಂತೆ ಗ್ರಾನೈಟ್ ನೆಲ. ಅಲ್ಲಿನ 38 ಊರುಗಳಿಗೆ ‘ಬೋಜೊಲೆ ವಿಲಾಜ್’ ಎಂದು ಬರೆದುಕೊಳ್ಳುವ ಹಕ್ಕಿದೆ. ಅದಕ್ಕೂ ಮೇಲಿನವು ‘ಕ್ರೂ’ ಎನ್ನಿಸಿಕೊಂಡ ಹತ್ತು: ಸ್ಯಾಂತಮೂರ್, ಜುಲಿಯೆನಾ, ಶೆನಾ, ಮುಲ್ಯಾಂ-ಅ-ವಾಂ, ಫ್ಲರಿ, ಶಿರೂಬ್ಲ್, ಮೊರ್ಗೋಂ, ರೆನ್ಯೆ, ಬ್ರೂಯಿ, ಕೋತ್ ದ ಬ್ರೂಯಿ. (ಕನ್ನಡದವರಿಗೆ ಬರೆದದ್ದನ್ನೆಲ್ಲ ಉಚ್ಚರಿಸುವ ಚಟ. ಫ್ರೆಂಚರು ಕೊನೆಯ ಅಕ್ಷರಗಳನ್ನು ನುಂಗಿಬಿಡುತ್ತಾರೆ. ಅಂಗಡಿಯವನ ಮುಂದೆ ನಾಚಿಕೆಯಾದರೆ ಬೆರಳು ತೋರಿಸಿ, ನಾನೂ ಹಾಗೇ ಮಾಡುತ್ತಿದ್ದೆ.)

ಹೆಸರು ಯಾವುದೇ ಇರಲಿ, ಕೆಂಪು ವೈನ್ ಆದರೆ ದ್ರಾಕ್ಷಿ ಒಂದೇ, ಗಾಮೆ. ಇದಕ್ಕೆ ಹಳೆಯ ಅವಮಾನವೊಂದಿದೆ. 1395ರಲ್ಲಿ ಪಕ್ಕದ ಬರ್ಗಂಡಿ ಸೀಮೆಯ ಡ್ಯೂಕ್ ಫಿಲಿಪ್, ಗಾಮೆ ನಂಬಿಕೆಗೆ ಅರ್ಹವಲ್ಲದ ನೀಚ ಬಳ್ಳಿ, ಕಿತ್ತೊಗೆಯಿರಿ ಎಂದು ಆಜ್ಞೆ ಹೊರಡಿಸಿದ. ಬಳ್ಳಿ ಮಾಡಿದ ತಪ್ಪೆಂದರೆ ಹೇರಳವಾಗಿ ಕಾಯಿ ಬಿಡುತ್ತಿದ್ದುದು. ಡ್ಯೂಕನಿಗೆ ಬೇಕಿದ್ದದ್ದು ಪಿನೋ ನುವಾರ್ ಎಂಬ ಬೇರೆ ದ್ರಾಕ್ಷಿ. ಬರ್ಗಂಡಿಯಲ್ಲಿ ಬೇಡವಾದ ಗಾಮೆಗೆ ಬೋಜೊಲೆಯ ಗ್ರಾನೈಟ್ ಒಗ್ಗಿಹೋಯಿತು.

ಹೊಸಬರಿಗೆ ಗಾಮೆ ಹಿಡಿಸಲು ಕಾರಣವಿದೆ. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಬಿಗಿಹಿಡಿದಂತಾಗುತ್ತದಲ್ಲ, ಆ ಒಗರು ಕೆಂಪು ವೈನಿನಲ್ಲೂ ಇರುತ್ತದೆ. ಸಿಪ್ಪೆ, ಬೀಜಗಳಿಂದ ಇಳಿದು ಬರುವಂಥದ್ದು. ಗಾಮೆಯಲ್ಲಿ ಅದು ಕಡಿಮೆ, ಹುಳಿ ಚುರುಕು. ಅದರ ಮೇಲೆ ಬೋಜೊಲೆಯವರ ಕೈಚಳಕ ಬೇರೆ. ದ್ರಾಕ್ಷಿಯನ್ನು ಬಿಡಿಸಿ ಜಜ್ಜುವ ಬದಲು ಗೊಂಚಲುಗಳನ್ನು ಹಾಗ್ಹಾಗೇ ತೊಟ್ಟಿಗೆ ತುಂಬುತ್ತಾರೆ. ಮೇಲಿನ ಭಾರಕ್ಕೆ ಅಡಿಯ ಹಣ್ಣು ಒಡೆದು ರಸ ಹುದುಗತೊಡಗುತ್ತದೆ, ಅದರಿಂದೆದ್ದ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನೆಲ್ಲ ತುಂಬುತ್ತದೆ. ಆಮ್ಲಜನಕ ಸಿಗದ ಮೇಲಿನ ಹಣ್ಣುಗಳು ಸಿಪ್ಪೆಯೊಳಗೇ, ಒಡೆಯದೆಯೇ, ಹುದುಗಲು ಶುರುಮಾಡುತ್ತವೆ. ಬೋಜೊಲೆಯ ಮೂಗಿಗೆ ಬಡಿಯುವ ಕೆಂಪು ಹಣ್ಣಿನ ಘಮ ಬಹುಪಾಲು ಹೀಗೆ ಬಂದದ್ದು. ಅವಸರದಲ್ಲಿ ಮಾಡಿದರೆ ಅದೇ ಘಮ ಬಾಳೆಹಣ್ಣು, ಬಬಲ್‌ಗಮ್ ಕಡೆಗೆ ವಾಲುತ್ತದೆ. 5 ಯೂರೋ ಬಾಟಲಿಯಲ್ಲಿ ಅದು ಸಿಕ್ಕರೆ ಬೆಚ್ಚಬೇಡಿ.

ಒಳ್ಳೆಯ ಬೋಜೊಲೆ ಇನ್ನೂ ಕೈಗೆಟುಕುವ ಬೆಲೆಗೆ ಸಿಗುತ್ತಿರುವುದಕ್ಕೂ ಈ ಅವಸರದ ವೈನಿಗೂ ನಂಟಿದೆ. ಪ್ರತಿ ವರ್ಷ ನವೆಂಬರಿನ ಮೂರನೆಯ ಗುರುವಾರ ‘ಬೋಜೊಲೆ ನೂವೋ’ ಬಿಡುಗಡೆಯಾಗುತ್ತದೆ. ಒಂದೆರಡು ತಿಂಗಳ ಹಿಂದಷ್ಟೇ ಬಳ್ಳಿಯ ಮೇಲಿದ್ದ ಹಣ್ಣು ಅದು. 1985ಕ್ಕೆ ಮುಂಚೆ ಬಿಡುಗಡೆ ನವೆಂಬರ್ 15ಕ್ಕೆ ಇತ್ತು. ಜಾರ್ಜ್ ದ್ಯುಬಫ್ ಎಂಬ ವ್ಯಾಪಾರಿ ಇದನ್ನು ಜಗತ್ತಿನ ಹಬ್ಬವನ್ನೇ ಮಾಡಿಬಿಟ್ಟ. ಜಪಾನಿನವರು ವಿಮಾನದಲ್ಲಿ ತರಿಸಿಕೊಂಡು ಕುಡಿದರು. ಹಬ್ಬ ದೊಡ್ಡದಾದಷ್ಟೂ ಹೆಸರು ಹಗುರವಾಯಿತು, ಬೋಜೊಲೆ ಎಂದರೆ ಇಷ್ಟೇ ಎಂದು ಜನ ತೀರ್ಮಾನಿಸಿಬಿಟ್ಟರು. ಕ್ರೂ ಊರುಗಳ ಹೆಸರಿನಲ್ಲಿ ನೂವೋ ಮಾರುವಂತೆಯೇ ಇಲ್ಲ, ಆದರೂ ಆ ಊರಿನವರೂ ಅದೇ ಏಟು ತಿಂದರು. ಪಕ್ಕದ ಬರ್ಗಂಡಿಯ ಊರುಗಳ ಕೆಂಪು ವೈನಿಗೆ 30–40 ಯೂರೋ ಕೇಳುವಾಗ, ಅಷ್ಟೇ ಶ್ರದ್ಧೆಯಿಂದ ಮಾಡಿದ ಜುಲಿಯೆನಾ ಸುಮಾರು 12ಕ್ಕೆ ಸಿಗುತ್ತದೆ. ಅವರ ನಷ್ಟ ನಮಗೆ ಲಾಭ, ಏನು ಮಾಡುವುದು. ನವೆಂಬರಿನಲ್ಲಿ ಗೆಳೆಯರು ಕರೆದರೆ ನೂವೋ ಕುಡಿದು ಬನ್ನಿ, ಮಜಾ ಇರುತ್ತದೆ. ಮನೆಗೆ ತಂದು ಕೂಡಿಡಬೇಡಿ.

ಹಾಗಾದರೆ ಹತ್ತರಲ್ಲಿ ಯಾವುದು? ಮೊರ್ಗೋಂ, ಫ್ಲರಿ, ಮುಲ್ಯಾಂ-ಅ-ವಾಂ ಈ ಮೂರರ ಹೆಸರು ಓಡಿದೆ, ಬೆಲೆಯೂ ಅದರ ಹಿಂದೆ ಓಡುತ್ತಿದೆ. ಮೊದಲ ಬಾಟಲಿಗೆ ನಾನು ಹೇಳುವುದು ರೆನ್ಯೆ. 1988ರಲ್ಲಿ ಬಡ್ತಿ ಪಡೆದ ಕಿರಿಯ ಕ್ರೂ ಅದು, ಇನ್ನೂ ಜಂಬ ಬಂದಿಲ್ಲ. ಎರಡನೆಯದು ಶೆನಾ. ಹತ್ತರಲ್ಲಿ ತೀರ ಚಿಕ್ಕದು, ಮುಲ್ಯಾಂ-ಅ-ವಾಂಗೆ ಅಂಟಿಕೊಂಡೇ ಇದೆ. ಗೋಡೆಯಾಚೆಯ ಮನೆಯವರಷ್ಟು ಹೆಸರಿಲ್ಲದ್ದರಿಂದ ಬೆಲೆ ಕಡಿಮೆ, ಕಸುವು ಹೆಚ್ಚುಕಡಿಮೆ ಅಷ್ಟೇ. ಬ್ರೂಯಿ ಎಲ್ಲ ಅಂಗಡಿಯಲ್ಲೂ ಇರುತ್ತದೆ, ಆದರೆ ಅದು ಬಹಳ ದೊಡ್ಡ ಪ್ರದೇಶ, ಮಾಡಿದವರು ಯಾರು ಎನ್ನುವುದರ ಮೇಲೆ ಅದೃಷ್ಟ. ಅದರ ನಡುವಿನ ಬೆಟ್ಟದ ಇಳಿಜಾರಿನ ಕೋತ್ ದ ಬ್ರೂಯಿ ಸಿಕ್ಕರೆ ಒಂದೆರಡು ಯೂರೋ ಹೆಚ್ಚಾದರೂ ಅದನ್ನೇ ತನ್ನಿ. ಸ್ಯಾಂತಮೂರ್ ಬೇಕಾದರೆ ಫೆಬ್ರವರಿ ದಾಟಲಿ. ಹೆಸರಿನಲ್ಲಿ ಪ್ರೇಮವಿದೆ ಎಂದು ಪ್ರೇಮಿಗಳ ದಿನಕ್ಕೆ ಎಲ್ಲರೂ ಅದರ ಹಿಂದೆ ಬೀಳುತ್ತಾರೆ.

8 ಯೂರೋ ಮೀರಲಾರೆ ಎಂದರೆ ವಿಲಾಜ್ ಸಾಕು. ಅಗ್ಗದ ಕ್ರೂಗಿಂತ ಒಳ್ಳೆಯ ರೈತನ ವಿಲಾಜ್ ಎಷ್ಟೋ ವಾಸಿ. ರೈತನನ್ನು ಗುರುತಿಸುವುದಕ್ಕೆ ಲೇಬಲ್ಲಿನ ಕೆಳಗಿನ ಸಣ್ಣ ಅಕ್ಷರ ನೋಡಿ. ‘ಮೀಜ್ ಆಂ ಬುತೇಯ್ ಓ ದೊಮೇನ್’ ಎಂದಿದ್ದರೆ ತೋಟದಲ್ಲೇ ಬಾಟಲಿಗೆ ತುಂಬಿದ್ದು ಎಂದರ್ಥ. ‘ವಿಯೇಯ್ ವೀನ್’, ಅಂದರೆ ಹಳೆಯ ಬಳ್ಳಿ, ಎಂಬುದಕ್ಕೆ ಮರುಳಾಗಬೇಡಿ. ಎಷ್ಟು ವರ್ಷಕ್ಕೆ ಬಳ್ಳಿ ಹಳೆಯದಾಗುತ್ತದೆ ಎಂದು ಯಾವ ಕಾನೂನೂ ಹೇಳಿಲ್ಲ. ಮಾರ್ಸೆಲ್ ಲಾಪಿಯೇರ್, ಜಾಂ ಫೊಯ್ಯಾರ್ ಹೆಸರಿನ ಮೊರ್ಗೋಂಗಳನ್ನು ಯಾರಾದರೂ ಹೊಗಳಿಯಾರು. ರಾಸಾಯನಿಕ ಬಿಟ್ಟು, ವೈನ್ ಕೆಡದಂತೆ ಹಾಕುವ ಗಂಧಕವನ್ನು ಆದಷ್ಟು ಕಡಿಮೆ ಮಾಡಿ ವೈನ್ ಮಾಡಲು ಹೊರಟು ಬೋಜೊಲೆಯ ಮಾನ ಉಳಿಸಿದವರಲ್ಲಿ ಅವರೂ ಇದ್ದಾರೆ, ಹೊಗಳಿಕೆ ಸುಳ್ಳಲ್ಲ. ಆದರೆ ಅದು ಸಂಬಳ ಬಂದ ವಾರದ ಬಾಟಲಿ.

ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನರಿಗೆ ವೈನ್ ಎಂದರೆ ಕ್ರಿಸ್‌ಮಸ್ಸಿಗೆ ಪಕ್ಕದ ಮನೆಯವರು ಕೊಡುವ ಸಿಹಿ ದ್ರಾಕ್ಷಾರಸ. ಬೋಜೊಲೆಯ ಘಮ ಸಿಹಿ, ರುಚಿ ಸಿಹಿಯಲ್ಲ. ಮೊದಲ ಗುಟುಕಿಗೆ ನಿರಾಸೆಯಾದರೆ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ನೋಡಿ. ಕೆಂಪು ವೈನನ್ನು ತಣ್ಣಗೆ ಮಾಡಬಾರದೆಂಬ ಮಾತು ಇದಕ್ಕೆ ಸಲ್ಲದು. 13–14 ಡಿಗ್ರಿಯಲ್ಲಿ ಹುಳಿ ಲವಲವಿಕೆಯಿಂದ ಇರುತ್ತದೆ, ಬೆಚ್ಚಗಾದರೆ ಜೋಲುಮೋರೆ ಹಾಕುತ್ತದೆ.

ಒಗರು ಕಡಿಮೆ ಇರುವುದರಿಂದ ನಮ್ಮ ಖಾರದ ಜೊತೆ ಜಗಳವಾಡದ ಕೆಂಪು ವೈನ್ ಇದೇ. ಒಗರು ಹೆಚ್ಚಿದ ಬೋರ್ದೋ ವೈನಿನ ಜೊತೆ ಕೋಳಿ ಸಾರು ಉಂಡು ನಾಲಿಗೆ ಉರಿಸಿಕೊಂಡವನು ಹೇಳುತ್ತಿದ್ದೇನೆ. ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಗೆ ಶೆನಾ ಚೆನ್ನಾಗಿ ಕೂಡಿತು. ಎಣ್ಣೆಗಾಯಿಗೆ ವಿಲಾಜ್ ಸಾಕು.

ಊರಿಗೆ ಹೋಗುವಾಗ ಏನಾದರೂ ಒಯ್ಯುವ ಮನಸ್ಸಿದ್ದರೆ ಮುಲ್ಯಾಂ-ಅ-ವಾಂ ಒಯ್ಯಿರಿ. ಐದಾರು ವರ್ಷ ತಾಳುವ ಗಟ್ಟಿ ವೈನ್. ಬೆಂಗಳೂರಿನ ಅಂಗಡಿ ಮುಟ್ಟುವಷ್ಟರಲ್ಲಿ ಸುಂಕ, ಅಬಕಾರಿ ಎಲ್ಲ ಸೇರಿ ಇದೇ ಬಾಟಲಿಯ ಬೆಲೆ ಎರಡು ಮೂರು ಪಟ್ಟಾಗಿರುತ್ತದೆ. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿಡಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯವರು ಬಿಡುವುದಿಲ್ಲ.