ಅಡುಗೆಮನೆಯ ಆರ್‌ಓ ನೀರು ಹವಳದ ಟ್ಯಾಂಕಿಗೆ ಸಾಲದು

ಉಪ್ಪುನೀರಿನ ಟ್ಯಾಂಕ್ ಇಟ್ಟವರು ಫೋನ್ ಮಾಡಿ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು. "ಸಾರ್, ಕಲ್ಲಿನ ಮೇಲೆಲ್ಲ ಹಸಿರು ಕೂದಲಿನ ಹಾಗೆ ಪಾಚಿ. ಲೈಟ್ ಕಮ್ಮಿ ಮಾಡಿದೆ, ಮೀನಿಗೆ ಊಟ ಕಮ್ಮಿ ಮಾಡಿದೆ. ಟೆಸ್ಟ್ ಮಾಡಿದ್ರೆ ನೈಟ್ರೇಟ್ ಸೊನ್ನೆ. ಯಾವ ಔಷಧಿ ಹಾಕ್ಲಿ?" ನೀರು ಯಾವುದು ಅಂತ ಕೇಳಿದರೆ, "ಮನೇಲಿ ಆರ್‌ಓ ಇದೆಯಲ್ಲ ಸಾರ್, ಅದೇ" ಎನ್ನುತ್ತಾರೆ. ಹತ್ತರಲ್ಲಿ ಏಳೆಂಟು ಕಡೆ ತೊಂದರೆ ಶುರುವಾಗುವುದೇ ಆ ನೀರಿನಿಂದ.

ಅಡುಗೆಮನೆಯ ಯಂತ್ರ ಇರುವುದು ಕುಡಿಯುವವರಿಗಾಗಿ. ಪೂರ್ತಿ ಶುದ್ಧ ನೀರು ಬಾಯಿಗೆ ಸಪ್ಪೆ. ಅದಕ್ಕೇ ಬಹಳಷ್ಟು ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) ಕಂಟ್ರೋಲರ್ ಎಂಬ ಪುಟ್ಟ ತಿರುಪು ಇರುತ್ತದೆ. ಮೆಂಬ್ರೇನ್, ಅಂದರೆ ಲವಣ ತಡೆಯುವ ಪೊರೆ, ದಾಟದ ನೀರನ್ನೂ ಅದು ಒಂದಿಷ್ಟು ಬೆರೆಸಿ ಕಳಿಸುತ್ತದೆ. ಕೆಲವದರಲ್ಲಿ ಕೊನೆಗೊಂದು ಮಿನರಲ್ ಕಾರ್ಟ್ರಿಜ್ ಬೇರೆ. ಹೀಗಾಗಿ ನಲ್ಲಿಗೆ ಬರುವಾಗ ಟಿಡಿಎಸ್ 60, 80, ಕೆಲವು ಮನೆಗಳಲ್ಲಿ 120. ಮನುಷ್ಯರಿಗೆ ಇದರಿಂದ ಏನೂ ಆಗದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ತನಕ ಇರಬಹುದು. ನೈಟ್ರೇಟ್, ಫಾಸ್ಫೇಟ್ ಎರಡೂ ಪಾಚಿಗೆ ಗೊಬ್ಬರ, ಅದಕ್ಕೇ ಹವಳದ ಟ್ಯಾಂಕಿನಲ್ಲಿ ನಾವು ನೈಟ್ರೇಟನ್ನು 2ರಿಂದ 10ರೊಳಗೆ, ಫಾಸ್ಫೇಟನ್ನು 0.03ರಿಂದ 0.1ರೊಳಗೆ ಹಿಡಿದಿಡಲು ಒದ್ದಾಡುತ್ತಿರುತ್ತೇವೆ.

ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಸಂಗತಿ ಇಲ್ಲಿದೆ, ಲೆಕ್ಕ ಹಾಕಿಯೇ ತೋರಿಸುತ್ತೇನೆ. ಟ್ಯಾಂಕಿನಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಯಾವುದೂ ಅದರ ಜೊತೆ ಹೋಗುವುದಿಲ್ಲ. ಸಾರು ಕುದ್ದು ಕುದ್ದು ಉಪ್ಪಾಗುವ ಹಾಗೆ ಒಳಗೇ ಗಟ್ಟಿಯಾಗುತ್ತವೆ. 200 ಲೀಟರ್ ಟ್ಯಾಂಕಿನಲ್ಲಿ ದಿನಕ್ಕೆ 3 ಲೀಟರ್ ಆರುತ್ತದೆ ಎಂದುಕೊಳ್ಳಿ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ ಇನ್ನೂ ಹೆಚ್ಚು. ಆರಿದ್ದನ್ನು ತುಂಬಿಸುವ ನೀರು, ಅಂದರೆ ಟಾಪ್‌ಅಪ್, ತಿಂಗಳಿಗೆ 90 ಲೀಟರ್ ಆಯಿತು. ಆ ನೀರಿನಲ್ಲಿ ಲೀಟರಿಗೆ 10 ಮಿ.ಗ್ರಾಂ ನೈಟ್ರೇಟ್ ಇದ್ದರೆ ಒಳಗೆ ಸೇರಿದ್ದು 900 ಮಿ.ಗ್ರಾಂ, ಅಂದರೆ ಟ್ಯಾಂಕಿನ ಪ್ರತಿ ಲೀಟರಿಗೆ 4.5. ನೀರು ಬದಲಿಸದೆ ಬಿಟ್ಟರೆ ಆರು ತಿಂಗಳಿಗೆ 27. ಮೀನಿಗೆ ಹಾಕುವ ಊಟದ ಲೆಕ್ಕ ಇದರ ಮೇಲೆ.

ಹಾಗಾದರೆ ಟೆಸ್ಟ್‌ನಲ್ಲಿ ಸೊನ್ನೆ ಹೇಗೆ ಬಂತು? ಪಾಚಿ ತಿಂದು ಮುಗಿಸಿದೆ, ಅದಕ್ಕೆ. ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು ಮಾತ್ರ. ಕಲ್ಲು ತುಂಬ ಪಾಚಿ ಇರುವಾಗ ಬಂದ ಸೊನ್ನೆಯನ್ನು ದಯವಿಟ್ಟು ನಂಬಬೇಡಿ.

ಟ್ಯಾಂಕಿಗೆ ಬೇರೆಯೇ ಒಂದು ಆರ್‌ಓ-ಡಿಐ ಇಟ್ಟುಕೊಳ್ಳುವುದು ಮೇಲು. ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಬ್ಲಾಕ್, ಮೆಂಬ್ರೇನ್, ಕೊನೆಗೆ ಡಿಐ ರೆಸಿನ್, ಅಂದರೆ ಉಳಿದ ಲವಣವನ್ನೂ ಹಿಡಿದಿಡುವ ಮಣಿಗಳು. ಬೂಸ್ಟರ್ ಪಂಪ್ ಬೇಕೇ ಬೇಕು: ತಲೆಯ ಮೇಲೆ 3 ಮೀಟರ್ ಎತ್ತರದಲ್ಲಿರುವ ಓವರ್‌ಹೆಡ್ ಟ್ಯಾಂಕಿನಿಂದ ಸಿಗುವ ಒತ್ತಡ ಸುಮಾರು 4 ಪಿಎಸ್ಐ, ಮೆಂಬ್ರೇನ್ ಕೇಳುವುದು 60ರ ಆಸುಪಾಸು. 300 ಟಿಡಿಎಸ್ ನೀರು ಒಳ್ಳೆಯ ಮೆಂಬ್ರೇನ್ ದಾಟಿದಾಗ 6ರಿಂದ 10ಕ್ಕೆ ಇಳಿಯಬೇಕು, ರೆಸಿನ್ ದಾಟಿದ ಮೇಲೆ ಸೊನ್ನೆ. ಸಾವಿರ ದಾಟುವ ಬೋರ್‌ವೆಲ್ ನೀರಾದರೆ ರೆಸಿನ್ ಬೇಗ ಮುಗಿಯುತ್ತದೆ, ಖರ್ಚಿಗೆ ಸಿದ್ಧರಿರಿ. ಇರುವ ಅಡುಗೆಮನೆ ಯಂತ್ರದಲ್ಲೇ ಮೆಂಬ್ರೇನ್ ಆದ ಕೂಡಲೇ, ಕಂಟ್ರೋಲರಿಗೆ ಮೊದಲು, ಒಂದು ಟಿ ಜಾಯಿಂಟ್ ಹಾಕಿಸಿ ರೆಸಿನ್‌ಗೆ ಕೊಡುವುದೂ ಸಾಧ್ಯ. ವಾರಂಟಿ ಹೋದೀತು, ಮೊದಲೇ ವಿಚಾರಿಸಿ. ಯಂತ್ರ ಸುಮ್ಮನೆ ನಿಂತಿದ್ದರೆ ಮೊದಲ ಐದು ನಿಮಿಷದ ನೀರನ್ನು ಗಿಡಕ್ಕೆ ಬಿಡಿ, ಅದರಲ್ಲಿ ಟಿಡಿಎಸ್ ಏರಿರುತ್ತದೆ.

ಸಿಲಿಕೇಟ್ ವಿಷಯದಲ್ಲಿ ಟಿಡಿಎಸ್ ಮೀಟರ್ ಕೈಕೊಡುತ್ತದೆ, ಮೀಟರಿಗೆ ಸಿಲಿಕೇಟ್ ಸರಿಯಾಗಿ ಕಾಣುವುದೇ ಇಲ್ಲ. ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ನುಸುಳಿ ಬರುವುದೂ ಅದೇ. ಹಳೆಯ ಟ್ಯಾಂಕಿನ ಗಾಜಿನ ಮೇಲೆ, ಮರಳಿನ ಮೇಲೆ ಸಿಲಿಕೇಟ್‌ನಿಂದ ಬೆಳೆಯುವ ಕಂದು ಪುಡಿಯಂಥ ಪಾಚಿ ಮತ್ತೆ ಕೂರತೊಡಗಿತು, ಮೀಟರ್ ಮಾತ್ರ ಸೊನ್ನೆ ತೋರಿಸುತ್ತಿದೆ ಎಂದರೆ ರೆಸಿನ್ ನೋಡಿ. ಬಣ್ಣ ಬದಲಿಸುವ ರೆಸಿನ್ ಮುಕ್ಕಾಲು ಭಾಗ ಬಣ್ಣ ತಿರುಗಿದಾಗಲೇ ತೆಗೆದುಬಿಡಿ. ಹಿತ್ತಾಳೆ, ತಾಮ್ರದ ಫಿಟ್ಟಿಂಗ್ ಈ ಲೈನಿನಲ್ಲಿ ಎಲ್ಲೂ ಬೇಡ. ತಾಮ್ರದಿಂದ ಮೊದಲು ಸಾಯುವುದು ಪಾಚಿ ಮೇಯುವ ಬಸವನಹುಳುಗಳೇ.

ಕರಾವಳಿಯವರು ಕ್ಯಾನಿನಲ್ಲಿ ಸಮುದ್ರದ ನೀರು ತರುವುದುಂಟು. ಅಳಿವೆಯ ಹತ್ತಿರದ್ದು, ಅದರಲ್ಲೂ ಮಳೆಗಾಲದ್ದು, ಬೇಡ. ಉಪ್ಪಿನಂಶ ಇಳಿದಿರುತ್ತದೆ, ಹೊಲಗದ್ದೆಯ ಗೊಬ್ಬರವೂ ಹೊಳೆಯ ಜೊತೆ ಬಂದಿರುತ್ತದೆ. ಇನ್ನು ಟಾಪ್‌ಅಪ್, ಟ್ಯಾಂಕಿನಲ್ಲಿ ಸಮುದ್ರದ ನೀರೇ ಇದ್ದರೂ, ಉಪ್ಪಿಲ್ಲದ ಶುದ್ಧ ನೀರಿನಿಂದಲೇ ಆಗಬೇಕು.

ಎಲ್ಲ ಪಾಚಿಗೂ ನೀರೇ ಕಾರಣ ಎಂದು ಹೇಳಲಾರೆ. ಹೊಸ ಟ್ಯಾಂಕಿನಲ್ಲಿ ಮೊದಲ ಎರಡು ಮೂರು ತಿಂಗಳು ಕಾಣುವ ಕಂದು ಪದರ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಒಣ ಕಲ್ಲುಗಳು ತಿಂಗಳುಗಟ್ಟಲೆ ಫಾಸ್ಫೇಟ್ ಬಿಡಬಹುದು. ಗುಳ್ಳೆ ಹಿಡಿದ ಕಂದು ಲೋಳೆ ದಾರದ ಹಾಗೆ ತೇಲುತ್ತಿದ್ದರೆ ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಇರಬಹುದು. ನೈಟ್ರೇಟ್, ಫಾಸ್ಫೇಟ್ ನಿಜವಾಗಿಯೂ ಸೊನ್ನೆಗೆ ಇಳಿದ ಟ್ಯಾಂಕುಗಳಲ್ಲಿ ಅದು ಹೆಚ್ಚು, ಅಲ್ಲಿ ಇನ್ನಷ್ಟು ಶುದ್ಧ ಮಾಡಲು ಹೋದರೆ ಉಲ್ಬಣಿಸುತ್ತದೆ. ಗುರುತು ಸಿಗದಿದ್ದರೆ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿಸಿ.

ನೀರು ಸರಿಮಾಡಿದ ಮೇಲೂ ಇರುವ ಪಾಚಿ ಮರುವಾರವೇ ಮಾಯವಾಗದು, ಆರರಿಂದ ಎಂಟು ವಾರ ಹಿಡಿಯಬಹುದು. ಅಷ್ಟರಲ್ಲಿ ವಾರವಾರ ಶೇಕಡ 10ರಷ್ಟು ನೀರು ಬದಲಿಸಿ. ಬದಲಿಸುವಾಗ ಹಳೆಯ ಟೂತ್‌ಬ್ರಷ್ಷನ್ನು 12 ಮಿ.ಮೀ. ಪೈಪಿನ ಬಾಯಿಗೆ ಕಟ್ಟಿ, ಉಜ್ಜುತ್ತಲೇ ಸೈಫನ್ ಮಾಡಿ. ಉಜ್ಜಿ ಹಾಗೇ ಬಿಟ್ಟರೆ ಪ್ರತಿ ತುಣುಕೂ ಬೇರೆ ಕಲ್ಲಿಗೆ ಅಂಟಿ ಬೆಳೆಯುತ್ತದೆ. ಗರಿಯಂತೆ ಕವಲೊಡೆಯುವ ಬ್ರಯಾಪ್ಸಿಸ್ ಎಂಬ ಪಾಚಿಗೆ ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಔಷಧಿ ಹಾಕುವವರಿದ್ದಾರೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ಸಾಯುವ ಪಾಚಿ ತಿಂದದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಕೈಗೆ ಸಿಕ್ಕಷ್ಟನ್ನು ಕಿತ್ತು ಹೊರಗೆ ಹಾಕಿ, ಟ್ಯಾಂಕಿನ ಫಿಲ್ಟರಿನಲ್ಲಿ ಮದ್ದು ಹೀರುವ ಕಾರ್ಬನ್ ಇದ್ದರೆ ತೆಗೆದಿಟ್ಟು, ಆಮೇಲೆ ಮದ್ದಿನ ಮಾತು.