ತನಖಾ ಬಾಕಿಯಿಂದ ಬೆಳೆದ ಸಾಮ್ರಾಜ್ಯ

ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ "ನಮ್ಮನ್ನ ಆಳಿದವರು ಬ್ರಿಟಿಷರಲ್ಲ, ನಿಜಾಮರು" ಎನ್ನುವ ಮಾತು ಇಂದಿಗೂ ಇದೆ. ಕಂದಾಯ ಯಾರ ಹೆಸರಲ್ಲಿ ವಸೂಲಾಯಿತು ಎಂದು ನೋಡಿದರೆ ಮಾತು ಸರಿ. ಆ ರೊಕ್ಕ ಮುಂದೆ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿದರೆ ಮಾತ್ರ ಚಿತ್ರ ಬೇರೆಯೇ.

ಶುರುವಾದದ್ದು ಭಯದಿಂದ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದ. ಹೈದರಾಬಾದಿನಲ್ಲಿ ಫ್ರೆಂಚ್ ಅಧಿಕಾರಿಗಳು ಪಳಗಿಸಿದ ಪಡೆಯಿತ್ತು, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇದ್ದ. ಆ ವರ್ಷ ನಿಜಾಮರು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಮಾಡಿಕೊಂಡ ಸಹಾಯಕ ಸೈನ್ಯ ಒಪ್ಪಂದದಂತೆ ಫ್ರೆಂಚ್ ಪಡೆ ಬರಖಾಸ್ತಾಯಿತು. ಕಂಪನಿಯ ಆರು ಬೆಟಾಲಿಯನ್‌ಗಳು ಬಂದವು, ಖರ್ಚು ವರ್ಷಕ್ಕೆ 24,17,100 ರೂಪಾಯಿ, ಕೊಡುವವರು ನಿಜಾಮರು. ಮರುವರ್ಷವೇ ಟಿಪ್ಪು ಮಡಿದ. ಸೈನ್ಯ ಮಾತ್ರ ವಾಪಸ್ ಹೋಗಲಿಲ್ಲ. 1800ರಲ್ಲಿ ಅದನ್ನು ಹೆಚ್ಚಿಸಿ, ನಗದಿನ ಬದಲು ಬಳ್ಳಾರಿ, ಕಡಪ ಸೀಮೆಗಳನ್ನೇ ಬರೆಸಿಕೊಳ್ಳಲಾಯಿತು. ದತ್ತ ಮಂಡಲ, ಅಂದರೆ ಬಿಟ್ಟುಕೊಟ್ಟ ಸೀಮೆ, ಎಂಬ ಹೆಸರು ಅಲ್ಲಿಂದ ಬಂತು.

ಇದರ ಜೊತೆಗೆ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದ ಇನ್ನೊಂದು ಪಡೆ ಬೆಳೆಯಿತು, ಹೈದರಾಬಾದ್ ಕಂಟಿಂಜೆಂಟ್. ಅದರ ತನಖಾ, ಅಂದರೆ ಸೈನಿಕರ ಸಂಬಳ, ತಡವಾದಾಗ ನಿಜಾಮರಿಗೆ ಸಾಲ. ಸಾಲ ಕೊಟ್ಟದ್ದು ಹೈದರಾಬಾದಿನ ಲೇವಾದೇವಿ ಸಂಸ್ಥೆ ಪಾಮರ್ ಕಂಪನಿ, ಬಡ್ಡಿ ಶೇ. 24-25ರವರೆಗೆ. ಚಕ್ರಬಡ್ಡಿಯಾದರೆ ಮೂರು ವರ್ಷ ಚಿಲ್ಲರೆಯಲ್ಲಿ ಅಸಲು ದುಪ್ಪಟ್ಟು. 1823ರಲ್ಲಿ ಈ ಸಾಲವನ್ನು ತೀರಿಸಿದ ರೀತಿಯನ್ನು ನಿಧಾನವಾಗಿ ನೋಡಬೇಕು. ಉತ್ತರ ಸರ್ಕಾರ್ ಪ್ರಾಂತ್ಯಕ್ಕಾಗಿ ಬ್ರಿಟಿಷರು ನಿಜಾಮರಿಗೆ ವರ್ಷಕ್ಕೆ 7 ಲಕ್ಷ ಪೇಶ್ಕಷ್ (ಕಪ್ಪ) ಕೊಡಬೇಕಿತ್ತು. ಒಮ್ಮೆಲೇ 1,16,66,666 ರೂಪಾಯಿ ಕೊಟ್ಟು ಆ ಬಾಧ್ಯತೆಯನ್ನು ಅವರು ಶಾಶ್ವತವಾಗಿ ಮುಗಿಸಿಕೊಂಡರು. ಅಂದರೆ ಶೇ. 6ರ ಲೆಕ್ಕ: ಆ ಮೊತ್ತಕ್ಕೆ ಶೇ. 6ರಂತೆ ವರ್ಷಕ್ಕೆ ಬರುವ ಬಡ್ಡಿಯೇ ಸುಮಾರು 7 ಲಕ್ಷ. ಶೇ. 24ಕ್ಕೆ ಸಾಲ ಎತ್ತಿದವನು, ಶೇ. 6ರ ಲೆಕ್ಕದಲ್ಲಿ ತನ್ನ ಕಾಯಂ ಆದಾಯವನ್ನು ಮಾರಬೇಕಾಯಿತು.

ಇಷ್ಟಾದರೂ ಕಂಟಿಂಜೆಂಟಿನ ಬಾಕಿ ಮತ್ತೆ ಏರಿತು. 1853ರ ಹೊತ್ತಿಗೆ ಅದು 40 ಲಕ್ಷ ದಾಟಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಒತ್ತಾಯಕ್ಕೆ ವರ್ಹಾಡ (ಬೇರಾರ್), ರಾಯಚೂರು ದೋಆಬ್ (ಎರಡು ನದಿಗಳ ನಡುವಿನ ನೆಲ), ಧಾರಾಶಿವ (ಉಸ್ಮಾನಾಬಾದ್) ನಿಜಾಮರ ಕೈಬಿಟ್ಟವು. ವರ್ಹಾಡ ಹತ್ತಿಯ ಕರಿನೆಲ. ಭಯದಿಂದ ಹುಟ್ಟಿದ ಕರಾರು ಇಲ್ಲಿ ಬಡ್ಡಿಯ ದಾರಿ ಹಿಡಿದು ಹತ್ತಿಯ ತನಕ ಬಂದಿತ್ತು.

ಸಾಮ್ರಾಜ್ಯಗಳು ಏಕೆ ಬೆಳೆಯುತ್ತವೆ ಎಂಬುದಕ್ಕೆ ಹಲವು ಉತ್ತರಗಳಿವೆ. 1902ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಹಾಬ್ಸನ್ ವಾದಿಸಿದ್ದು ಹೀಗೆ: ದುಡಿಯುವವರಿಗೆ ಕೊಳ್ಳುವ ಶಕ್ತಿ ಇಲ್ಲದ್ದರಿಂದ ಉಳ್ಳವರ ಬಂಡವಾಳ ಊರಲ್ಲಿ ಉಳಿಯದೆ ಹೊರದೇಶ ಹುಡುಕುತ್ತದೆ. ಲಾಭ ಕೆಲವರಿಗೆ, ದಂಡು ಕಳಿಸುವ ಖರ್ಚು ಇಡೀ ದೇಶಕ್ಕೆ. 1916ರಲ್ಲಿ ಲೆನಿನ್ ಸಾಮ್ರಾಜ್ಯಶಾಹಿಯನ್ನು ಬಂಡವಾಳಶಾಹಿಯ ಏಕಸ್ವಾಮ್ಯದ ಹಂತವೆಂದರು. ಅರ್ಥಶಾಸ್ತ್ರಜ್ಞ ಷುಂಪೀಟರ್ ಒಪ್ಪಲಿಲ್ಲ. ಅವರಿಗೆ ಕಂಡದ್ದು ಹಳೆಯ ಯೋಧವರ್ಗದ ಚಟ. ಇತಿಹಾಸಕಾರರಾದ ಗ್ಯಾಲಗರ್ ಮತ್ತು ರಾಬಿನ್ಸನ್ 1953ರಲ್ಲಿ ಬೇರೆ ಕಡೆ ಬೊಟ್ಟು ಮಾಡಿದರು: ಬ್ರಿಟನ್ ಸಾಧ್ಯವಾದಲ್ಲಿ ಪರೋಕ್ಷವಾಗಿ, ಬೇರೆ ದಾರಿ ಇಲ್ಲದಲ್ಲಿ ಮಾತ್ರ ನೇರವಾಗಿ ಆಳಿತು.

ನಮ್ಮ ಸೀಮೆಗೆ ಈ ಕೊನೆಯ ಮಾತೇ ಹೆಚ್ಚು ಹೊಂದುತ್ತದೆ. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕ ತಿರುಗಿಬಿದ್ದು ಸೋತ ಮೇಲೆ ಸಂಸ್ಥಾನ ಬ್ರಿಟಿಷರ ಕೈಸೇರಿತು. ಎರಡೇ ವರ್ಷದಲ್ಲಿ, 1860ರಲ್ಲಿ, ಅವರು ಅದನ್ನು ನಿಜಾಮರಿಗೆ ಬಹುಮಾನವಾಗಿ ಕೊಟ್ಟರು, ರಾಯಚೂರು, ಧಾರಾಶಿವಗಳನ್ನೂ ಮರಳಿಸಿದರು. ಹತ್ತಿಯ ವರ್ಹಾಡವನ್ನು ಬಿಡಲಿಲ್ಲ. 1902ರಲ್ಲಿ ವೈಸ್‌ರಾಯ್ ಕರ್ಜನ್ ಅದನ್ನು ವರ್ಷಕ್ಕೆ 25 ಲಕ್ಷಕ್ಕೆ ಕಾಯಂ ಗುತ್ತಿಗೆ ಬರೆಸಿಕೊಂಡ.

ಹಾಗೆಂದು ಹಾಬ್ಸನ್ ವಾದವನ್ನು ತಳ್ಳಿಹಾಕಲಾಗದು. ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ರೈಲುದಾರಿ ಮುಂದೆ ಲಂಡನ್ನಿನಲ್ಲಿ ಬಂಡವಾಳ ಎತ್ತಿದ ಕಂಪನಿಯ ಪಾಲಾಯಿತು. ಶೇ. 5ರ ಬಡ್ಡಿಗೆ ಖಾತ್ರಿ ಹೈದರಾಬಾದ್ ಖಜಾನೆಯದು. ರೈಲು ಲಾಭ ಮಾಡದ ವರ್ಷವೂ ಷೇರುದಾರನಿಗೆ ಅವನ ಪಾಲು ಸಿಗಬೇಕು. ಆ ಖಜಾನೆ ತುಂಬುತ್ತಿದ್ದುದು ಜೋಳ, ತೊಗರಿ ಬೆಳೆಯುವ ರೈತನ ಕಂದಾಯದಿಂದ.